ಗ್ರಿಲ್ಲಿಗೆ ಏರಿದ ಸಿಡಿಗಳು

ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿ ಗ್ರಿಲ್ಲಿನಲ್ಲಿ ನನ್ನ ಸಿಡಿಗಳೆಲ್ಲ ದಾರದಲ್ಲಿ ನೇತಾಡುತ್ತಿದ್ದವು! ಕಂಪ್ಯೂಟರ್ ಪತ್ರಿಕೆಗಳ ಜೊತೆ ಉಚಿತವಾಗಿ ಬಂದ ಅವನ್ನು, ಯಾವಾಗ ಏನು ಕೆಡುವುದೋ ಎಂಬ ಹೆದರಿಕೆಯಿಂದ ವರ್ಷಗಟ್ಟಲೆ ಕಪಾಟಿನಲ್ಲಿ ರಾಶಿ ಹಾಕಿ ಜೋಪಾನ ಮಾಡಿದ್ದೆ. ಅಂದು ಕಂಪ್ಯೂಟರ್ ಕೆಟ್ಟೇಬಿಟ್ಟಿತ್ತು. ಮರುದಿನ ಒಪ್ಪಿಸಬೇಕಾದ ಮಗಳ ಪ್ರಾಜೆಕ್ಟ್ ಶುರುವಾಗದ ಕಂಪ್ಯೂಟರಿನೊಳಗೆ ಸಿಕ್ಕಿಕೊಂಡಿತ್ತು.

“ಇದೇನು ಮಾಡಿದ್ದೀ?” ಎಂದು ಕೂಗಿದೆ.

“ಪಾರಿವಾಳ ಓಡಿಸ್ಲಿಕ್ಕೆ. ನೀವು ಒಂದು ದಿನವಾದ್ರೂ ಹಾಕಿ ನೋಡಿದ್ದುಂಟಾ ಮಾರಾಯ್ರೆ?” ಎಂದಳು ಹೆಂಡತಿ.

ಕೆಟ್ಟ ಕಂಪ್ಯೂಟರನ್ನು ಎಬ್ಬಿಸುವ ಸಿಡಿಯನ್ನು ಹುಡುಕಿ ಬಿಚ್ಚಿ, ಹಿಕ್ಕೆ ತೊಳೆದು, ಬನಿಯನ್ನಿನಲ್ಲಿ ಒರೆಸಿ ಹಾಕಿದೆ. ಪ್ರಾಜೆಕ್ಟ್ ಸಿಕ್ಕಿತು. ಉಳಿದವನ್ನೂ ಬಿಚ್ಚಹೊರಟರೆ ಮಗಳು ತಡೆದಳು: “ಪಪ್ಪಾ, ರೆಹನೇ ದೋ, ಇರ್ಲಿ ಬಿಡಿ! ಕಪಾಟಿನಲ್ಲಿದ್ದಿದ್ರೆ ನಿಮಗೆ ಸಿಗ್ತಿತ್ತಾ?”

ಈಗ ಹೊಸ ಸಿಡಿಗಳೂ ನೇರ ಗ್ರಿಲ್ಲಿಗೇ ಹೋಗುತ್ತವೆ. ಪಾರಿವಾಳಗಳು ಅವುಗಳ ಪಕ್ಕದಲ್ಲೇ ನೆಮ್ಮದಿಯಾಗಿ ಕೂರುತ್ತವೆ. ಗಾಳಿ ಬೀಸಿದಾಗಲೆಲ್ಲ ಸಿಡಿಗೆ ಗೀರು ಬಿತ್ತೋ ಎಂದು ಬೆಚ್ಚಿಬೀಳುವವನು ಮನೆಯಲ್ಲಿ ನಾನೊಬ್ಬನೇ.