ದಡದ ಜಾಲಿ ಮರ

ಮಕ್ಕಳೇ, ನಾನು ಚಿಕ್ಕವನಿದ್ದಾಗ ನಮ್ಮ ಹೊಲದ ಅಂಚಿಗೇ ಹೊಳೆ ಹರಿಯುತ್ತಿತ್ತು. ಹೊನ್ನಾಳಿ ಕಡೆಯವರಿಗೆ ತುಂಗಭದ್ರೆ ಎಂದರೆ ಬರೀ ಹೊಳೆ, ಹೆಸರು ಹಿಡಿದು ಕರೆಯುವವರು ಕಡಿಮೆ. ನಮ್ಮ ಹೊಲದ ಹತ್ತಿರ ಅದು ಕುಡುಗೋಲಿನ ಹಾಗೆ ಬಾಗಿತ್ತು. ಆ ದಡದ ಮೇಲೆ ಅಮ್ಮನ ಸಮಾಧಿ, ಅದರ ಹಿಂದೆ ಒಂದು ಹೊಂಗೆ ಮರ. ತೀರಿಕೊಂಡವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ನಮ್ಮಲ್ಲಿ ರೂಢಿ. ಅಮ್ಮ ಹೋದಾಗ ನನಗೆ ತಿಳಿವಳಿಕೆ ಬಂದಿರಲಿಲ್ಲ. ಅವಳ ಮುಖಕ್ಕಿಂತ ಆ ಮಣ್ಣಿನ ದಿಬ್ಬ, ಸೋಮವಾರ ಅಕ್ಕ ಅದರ ಮೇಲೆ ಇಡುತ್ತಿದ್ದ ಕಣಗಿಲೆ ಹೂವು ನನಗೆ ಹೆಚ್ಚು ನೆನಪು.

ಎಲ್ಲವೂ ಎಂದಿನಂತೆ ಇದ್ದ ಕೊನೆಯ ದಿನ ಬೇಸಿಗೆಯದು. ಹೊಳೆಯಲ್ಲಿ ತಿಳಿನೀರು, ತಳದ ಕಲ್ಲು ಕಾಣುತ್ತಿತ್ತು. ಸಮಾಧಿಯ ಕೆಳಗೆ ಒಂದು ದೊಡ್ಡ ಜಾಲಿ ಮರ ದಡಕ್ಕೆ ಒರಗಿ ನೀರಿಗೆ ಬಿದ್ದುಕೊಂಡಿತ್ತು. ಅದರ ಮುಳ್ಳುಕೊಂಬೆಗಳ ನಡುವೆ ಕೆಸರು ತುಂಬಿ, ನಮ್ಮ ಬಟ್ಟೆ ಒಗೆಯುವ ಕಲ್ಲು ಅರ್ಧ ಹೂತುಹೋಗಿತ್ತು. ಮನೆಯ ಕೆಲಸವೆಲ್ಲ ಅಕ್ಕನ ತಲೆ ಮೇಲಿತ್ತು. ಮರ ತೆಗೆಸು ಎಂದು ಅವಳು ಅಪ್ಪನ ಬೆನ್ನು ಬಿದ್ದಿದ್ದಳು. ಆ ದಿನ ಅಪ್ಪ ಎತ್ತು ಹೂಡಿ, ಸರಪಳಿ ಬಿಗಿದು ಮರವನ್ನು ಎಳೆಸಿದರು. ಪಕ್ಕದ ಹೊಲದಿಂದ ದೊಡ್ಡಪ್ಪ ಬೀಡಿ ಸೇದುತ್ತಾ ಬಂದರು.

"ಏನೋ ತಮ್ಮಾ, ಮಗಳು ಅಂದ್ಲು ಅಂತ ಇಡೀ ಮರ ಕೀಳಾಕೆ ಬಂದೀಯಾ? ನಾನು ಹೇಳಿದ್ರೆ ಒಂದು ಬೇಲಿಗೂಟ ಕೀಳಲಿಲ್ಲಲ್ಲೋ ನೀನು!"

"ನೀವು ಕೆಸರಾಗ ಒಗೆದ ಪಂಚೆ ಉಟ್ಕೊಂಡು ಬೀಗರ ಮನಿಗೆ ಹೋಗ್ತೀರೇನು, ದೊಡ್ಡಪ್ಪಾ?" ಎಂದಳು ಅಕ್ಕ.

"ನಿನ್ನ ಬಾಯಿಗೆ ಹೊಳೆನೇ ಹಿಂದಕ್ಕೆ ಹೋಗ್ಬೇಕು ನೋಡು" ಎಂದು ದೊಡ್ಡಪ್ಪ ನಕ್ಕರು. ಮರ ಕರಕರ ಎನ್ನುತ್ತಾ ಮೇಲೆ ಬಂತು. ಅಪ್ಪ ಅದನ್ನು ಕಡಿದು ಸೌದೆ ಒಟ್ಟಿದರು. ನಾನು ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಅತ್ತೆ. ಅಕ್ಕ ಸೂಜಿಯಲ್ಲಿ ಮುಳ್ಳು ತೆಗೆದು, ಗಾಯಕ್ಕೆ ಎಣ್ಣೆ ಸವರಿದಳು. ಅಂದಿನ ದೊಡ್ಡ ಸುದ್ದಿ ಅಷ್ಟೇ.

ಮುಂಗಾರಿನ ಹೊಸ ನೀರು ಬಂದಾಗ ಕೆಸರು ತೊಳೆದು ಹೋಗಿ ಕಲ್ಲು ಪೂರ್ತಿ ಹೊರಗೆ ಬಂತು. "ನೋಡಪ್ಪಾ, ಹೊಳೆನೇ ಕಸ ಗುಡಿಸಿ ಕೊಟ್ಟೈತೆ" ಎಂದು ಅಕ್ಕ ಹಿಗ್ಗಿದಳು. ಆದರೆ ಹೊಳೆ ಗುಡಿಸುವುದನ್ನು ನಿಲ್ಲಿಸಲಿಲ್ಲ. ನಮ್ಮೂರಿನಲ್ಲಿ ತುಂತುರು ಹನಿಯಷ್ಟೇ ಇತ್ತು. ಮೇಲೆ, ಘಟ್ಟದ ಕಡೆ ಮಳೆ ಹಿಡಿದಿತ್ತು. ಹೊಳೆ ಕೆಂಪಗೆ ತುಂಬಿ, ಹಸಿ ಮಣ್ಣಿನ ವಾಸನೆ ಮನೆಯವರೆಗೂ ಬರುತ್ತಿತ್ತು.

ಒಂದು ಬೆಳಿಗ್ಗೆ ಧಬ್ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲೂ ಇಲ್ಲ, ಅದರ ಹಿಂದಿನ ದಡವೂ ಇಲ್ಲ. ಹೊಳೆ ದಡವನ್ನು ಮೇಲಿನಿಂದ ತಿನ್ನುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಮೇಲೆ ಗಟ್ಟಿ ಕಪ್ಪು ಮಣ್ಣು, ಕೆಳಗೆ ಮರಳಿನ ಪದರ. ನೀರು ಕೆಳಗಿನ ಮರಳನ್ನು ಸದ್ದಿಲ್ಲದೆ ಒಯ್ಯುತ್ತದೆ. ಮೇಲಿನ ಮಣ್ಣು ಸ್ವಲ್ಪ ಹೊತ್ತು ಸೂರಿನ ಹಾಗೆ ಚಾಚಿಕೊಂಡಿದ್ದು, ಆಮೇಲೆ ಒಮ್ಮೆಗೇ ಬೀಳುತ್ತದೆ. ತಿರುವಿನ ಹೊರಮೈಯಲ್ಲಿದ್ದ ನಮ್ಮ ಕಡೆ ನೀರಿನ ರಭಸ. ಒಳಮೈಯಲ್ಲಿದ್ದ ಆಚೆ ದಡದಲ್ಲಿ ಅದೇ ನೀರು ಮೆಲ್ಲಗಾಗಿ ಮರಳು ಹಾಸುತ್ತಿತ್ತು.

ಅಮ್ಮನ ಸಮಾಧಿಯ ಮುಂದೆ, ನಾನು ಅಡ್ಡ ಮಲಗಿದರೆ ತುಂಬುವಷ್ಟು ಜಾಗ ಉಳಿದಿತ್ತು. ಆ ಜಾಗದಲ್ಲಿ ಉದ್ದಕ್ಕೂ ಒಂದು ಬಿರುಕು ಬಿಟ್ಟಿತ್ತು.

ಅಕ್ಕ ಕೊಟ್ಟಿಗೆಗೆ ಹೋಗಿ ಬುಟ್ಟಿಯಲ್ಲಿ ಸಗಣಿ ತಂದು, ನೆಲ ಸಾರಿಸುವ ಹಾಗೆ ಆ ಬಿರುಕಿನ ಮೇಲೆ ಅಡ್ಡಡ್ಡ ಸಾರಿಸಿದಳು.

"ಇದೇನೇ ಹುಡುಗೀ, ದಡಕ್ಕೆ ಹಬ್ಬ ಮಾಡ್ತೀಯೇನು?" ಎಂದರು ದೊಡ್ಡಪ್ಪ.

"ಮನಿ ಗೋಡೆ ಬಿರುಕು ಬಿಟ್ಟಾಗ ಅಮ್ಮ ಹಿಂಗೇ ಮಾಡ್ತಿದ್ಲು. ಸಗಣಿ ಸೀಳು ಬಿಟ್ರೆ ಬಿರುಕು ಇನ್ನೂ ಬೆಳೀತೈತೆ ಅಂತ, ಹಂಗೇ ಇದ್ರೆ ನಿಂತೈತೆ ಅಂತ."

ಊಟದ ಹೊತ್ತಿಗೆ ಸಗಣಿ ನಡುವೆ ಸೀಳು ಬಿಟ್ಟಿತ್ತು. ನನ್ನ ಬೆರಳು ಒಳಗೆ ಹೋಗುವಷ್ಟು. ಅಪ್ಪ ಅದನ್ನು ನೋಡಿ ತಲೆಯ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇವಳ್ನ ಬೇರೆ ಕಡೆ ಇಡಾಕೆ ಬರ್ತೈತೇನಣ್ಣ?" ಎಂದು ಮೆಲ್ಲಗೆ ಕೇಳಿದರು.

"ಕೊಟ್ಟ ಮಣ್ಣು ಮತ್ತೆ ಕೆದಕಬಾರದೋ" ಎಂದರು ದೊಡ್ಡಪ್ಪ. ಈ ಸಲ ಅವರೂ ನಗಲಿಲ್ಲ.

ಆಗ ಅಕ್ಕ ಅತ್ತುಬಿಟ್ಟಳು. "ಮರ ತೆಗಿಸಿದ್ದು ನಾನಪ್ಪಾ. ಅದು ಇದ್ದಾಗ ಕೆಸರು ನಿಲ್ತಿತ್ತು, ಅದಕ್ಕೇ ನಾನು ಬೈತಿದ್ದೆ. ಕೆಸರು ಇದ್ದಾಗ ದಡ ಬಿದ್ದಿರಲಿಲ್ಲ. ಮತ್ತೆ ಹಾಕಪ್ಪಾ, ಯಾವುದಾದ್ರೂ ಮರ ಹಾಕು."

ಅಪ್ಪ ಅವಳನ್ನು ಬೈಯಲಿಲ್ಲ. ಕೊಡಲಿ ತೆಗೆದುಕೊಂಡು ಬದುವಿಗೆ ನಡೆದರು. ಹೊಸ ಗಾಡಿ ಮಾಡಿಸಬೇಕೆಂದು ವರ್ಷಗಟ್ಟಲೆ ಬೆಳೆಸಿದ್ದ ಜಾಲಿ ಮರಗಳು ಅಲ್ಲಿದ್ದವು. ಅವುಗಳನ್ನೇ ಕಡಿದರು. ಸೊಪ್ಪು, ಮುಳ್ಳು, ಕೊಂಬೆ ಏನನ್ನೂ ಸವರಲಿಲ್ಲ. ಬುಡಕ್ಕೆ ಹಗ್ಗ ಕಟ್ಟಿ, ತುದಿಯನ್ನು ಹೊಳೆಗೆ ನೂಕಿದರು. ಮೊದಲನೆಯ ಮರ ನೀರಿಗೆ ಬೀಳುತ್ತಲೇ ಹಗ್ಗ ಪಟ್ಟೆಂದು ಹರಿಯಿತು. ಮರ ಗಿರಗಿರ ತಿರುಗುತ್ತಾ ಕಣ್ಮರೆಯಾಯಿತು. ದೊಡ್ಡಪ್ಪ ಮನೆಗೆ ಹೋಗಿ, ಎತ್ತುಗಳಿಂದ ಬಾವಿಯ ನೀರು ಎಳೆಸಲು ಬಳಸುತ್ತಿದ್ದ ಚರ್ಮದ ಹಗ್ಗ, ಮಿಣಿ, ತಂದರು. ಯಾರು ಕೇಳಿದರೂ ಕೊಡದ ಮಿಣಿ ಅದು. ಅದರಿಂದ ಎರಡನೆಯ ಮರವನ್ನು ಹೊಂಗೆಯ ಬುಡಕ್ಕೆ ಬಿಗಿದರು. ಅದು ನಿಂತಿತು. ಅದರ ಮಗ್ಗುಲಿಗೆ ಮೂರನೆಯದೂ ನಿಂತಿತು.

ಹೊಳೆಯ ಸದ್ದು ಬದಲಾದದ್ದು ಆಗ. ದಡಕ್ಕೆ ಗುದ್ದುತ್ತಿದ್ದ ನೀರು ಈಗ ಎಲೆಗಳ ನಡುವೆ ಸರಸರ ಎಂದು ಸೋಸಿಕೊಂಡು ಹೋಗುತ್ತಿತ್ತು. ಕೊಂಬೆಯ ಹಿಂದೆ ನೊರೆ ಮೆಲ್ಲಗೆ ಸುತ್ತುತ್ತಿತ್ತು. ಅಕ್ಕ ಬಿರುಕಿನ ಮೇಲೆ ಮತ್ತೆ ಸಗಣಿ ಸಾರಿಸಿದಳು. ಆ ದಿನ ಅವಳು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನನ್ನ ಕೈ ಹಿಡಿದುಕೊಂಡೇ ಹೋದಳು. ಹತ್ತಿರ ಹೋದಂತೆ ಅವಳ ನಡಿಗೆ ನಿಧಾನವಾಯಿತು. "ನೀನು ನೋಡೋ" ಎಂದು ಮುಖ ತಿರುಗಿಸಿ ನಿಂತಳು. ನಾನು ಬಗ್ಗಿ ನೋಡಿದೆ. ಸಗಣಿ ಒಣಗಿ ಬಿಳುಚಿಕೊಂಡಿತ್ತು. ಎಲ್ಲೂ ಸೀಳು ಬಿಟ್ಟಿರಲಿಲ್ಲ. ಕೆಳಗೆ ಜಾಲಿಯ ಕೊಂಬೆಗಳಲ್ಲಿ ಹುಲ್ಲು, ಕಡ್ಡಿ, ಮೆತ್ತನೆಯ ಕೆಸರು ಸಿಕ್ಕಿಕೊಂಡಿದ್ದವು.

"ಅಕ್ಕಾ, ಹಂಗೇ ಐತೆ!"

ಅವಳು ತಾನೇ ಬಂದು ಸಗಣಿಯ ಮೇಲೆ ಕೈಯಾಡಿಸಿದಳು. ಆಮೇಲೆ ಅಲ್ಲೇ ಹೊಂಗೆಯ ಬುಡದಲ್ಲಿ ಕಾಲು ಚಾಚಿ ಕುಳಿತು, "ಹೊಟ್ಟಿ ಹಸಿದೈತೆ ಕಣೋ. ರೊಟ್ಟಿ ತಗಂಬಾ, ಹೋಗು" ಎಂದಳು. ನಾನು ಓಡಿದೆ. ದಾರಿಯಲ್ಲಿ ಎದುರು ಬಂದ ಅಪ್ಪನಿಗೆ ಸುದ್ದಿ ಹೇಳಿದೆ. ಅಪ್ಪ ಒಂದು ದೊಡ್ಡ ಉಸಿರು ಬಿಟ್ಟರು, ಅಷ್ಟೇ. ಅಕ್ಕ ಅಂದು ಎಷ್ಟು ರೊಟ್ಟಿ ತಿಂದಳೆಂದು ದೊಡ್ಡಪ್ಪ ಅವಳ ಮದುವೆಯವರೆಗೂ ಆಡಿಕೊಂಡರು.

ನೀರು ಇಳಿದಾಗ ದಡದ ಬುಡದಲ್ಲಿ ಹೊಸ ಮೆಕ್ಕಲು ಮಣ್ಣು ನಿಂತಿತ್ತು. ಮುಂದಿನ ವರ್ಷಗಳಲ್ಲಿ ಅದರ ಮೇಲೆ ಹುಲ್ಲು ಬಂತು, ಲಕ್ಕಿ ಗಿಡ ಬಂತು. ಬಟ್ಟೆ ಒಗೆಯಲು ಅಕ್ಕ ದೂರದ ಬಂಡೆಯವರೆಗೆ ನಡೆಯಬೇಕಾಯಿತು. ಅದಕ್ಕೂ ಗೊಣಗುತ್ತಿದ್ದಳು.

ಮಕ್ಕಳೇ, ನಿಮಗೆ ಬಟ್ಟೆ ಒಗೆಯಲು ಯಂತ್ರವಿದೆ. ಹೊಳೆಯನ್ನು ನೀವು ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತೀರಿ. ಮೊನ್ನೆ ಸಮುದ್ರ ನೋಡಿ ಬಂದು, ಅಲೆ ಹಿಂದೆ ಹೋಗುವಾಗ ಕಾಲಡಿಯ ಮರಳು ಜಾರಿತು, ಬೀಳುವ ಹಾಗಾಯಿತು ಎಂದಿರಿ. ನಮ್ಮ ಹೊಳೆ ಮಾಡಿದ್ದೂ ಅದನ್ನೇ. ನೀರು ಓಡುವಲ್ಲಿ ಮಣ್ಣನ್ನು ಎತ್ತಿಕೊಳ್ಳುತ್ತದೆ, ನಿಧಾನವಾದಲ್ಲಿ ಇಳಿಸುತ್ತದೆ. ನೀವು ಅದನ್ನು ಆಟದಲ್ಲಿ ಕಂಡಿರಿ. ನಾವು ಹೆದರಿಕೆಯಲ್ಲಿ ಕಂಡೆವು.

ಅಕ್ಕ ಮದುವೆಯಾಗಿ ಸವಳಂಗದ ಕಡೆ ಹೋದ ಮೇಲೂ ಪ್ರತಿ ಮಳೆಗಾಲ "ದಡ ಹೆಂಗೈತೋ?" ಎಂದು ವಿಚಾರಿಸುತ್ತಿದ್ದಳು. ಈ ವರ್ಷವೂ ಹೊಳೆ ತುಂಬಿ ಬಂತು. ನಾನು ಹೋಗಿ ನೋಡಿದೆ. ದಡ ಗಟ್ಟಿಯಾಗಿದೆ, ಅಮ್ಮ ಇದ್ದಲ್ಲೇ ಇದ್ದಾಳೆ. ಕೇಳಲು ಅಕ್ಕ ಇಲ್ಲ.