ನಾಲ್ಕು, ಆರು ಮತ್ತು ಮುನಿಶಾಮಪ್ಪ ಮೇಷ್ಟ್ರು

ಲೆಕ್ಕದ ಮೇಷ್ಟ್ರಾಗಿದ್ದೂ ಉತ್ತರ ಕೇಳದವರನ್ನು ನಾನು ಕಂಡದ್ದು ಒಬ್ಬರನ್ನೇ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ನಮಗೆ ಪಾಠ ಮಾಡುತ್ತಿದ್ದ ಮುನಿಶಾಮಪ್ಪ ಮೇಷ್ಟ್ರು ಸೀಮೆಸುಣ್ಣದ ತುಂಡನ್ನು ಬಡಗಿಯ ಪೆನ್ಸಿಲಿನಂತೆ ಕಿವಿಗೆ ಸಿಕ್ಕಿಸಿಕೊಂಡೇ ತರಗತಿಗೆ ಬರುತ್ತಿದ್ದರು. ಅವರ ಎಡಗಿವಿ ವರ್ಷಪೂರ್ತಿ ಬೆಳ್ಳಗೆ. ಬೋರ್ಡಿನ ಮೇಲೆ ಗೊತ್ತಿರುವ ಎರಡು ಸಂಗತಿ, ಅವುಗಳ ಕೆಳಗೆ ಒಂದು ಪ್ರಶ್ನೆ ಬರೆದು, ಸೀಮೆಸುಣ್ಣವನ್ನು ಮತ್ತೆ ಕಿವಿಗೇರಿಸಿ ಕೈಕಟ್ಟಿ ನಿಲ್ಲುತ್ತಿದ್ದರು. ಯಾರಾದರೂ ಲೆಕ್ಕ ಬಿಡಿಸಲು ಹೊರಟರೆ ತಡೆಯುತ್ತಿದ್ದರು.

"ಉತ್ತರ ಬೇಡ ಕಣಮ್ಮ. ಹೇಳಿರೋದು ಸಾಕಾ, ಸಾಲದಾ, ಅಷ್ಟು ಹೇಳು."

ಪರೀಕ್ಷೆಯಲ್ಲಿ ಇಂಥದ್ದೆಲ್ಲ ಬರುತ್ತಿರಲಿಲ್ಲ. ಹೆಡ್‌ಮೇಷ್ಟ್ರು ಎಷ್ಟೋ ಸಲ ಗೊಣಗಿದ್ದರು, ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕಿವಿಯಲ್ಲಿ ಜಾಗವಾದರೂ ಎಲ್ಲಿತ್ತು?

ಒಂದು ದಿನ ಬರೆದರು: ಒಂದು ಸಂಖ್ಯೆ ಇದೆ. ಅದು ನಾಲ್ಕರಿಂದ ಭಾಗವಾಗುತ್ತದೆ, ಆರರಿಂದಲೂ ಭಾಗವಾಗುತ್ತದೆ. ಹಾಗಾದರೆ ಇಪ್ಪತ್ನಾಲ್ಕರಿಂದ ಭಾಗವಾಗಲೇಬೇಕೇ? ನಾಲ್ಕಾರಲೆ ಇಪ್ಪತ್ನಾಲ್ಕು ಎಂದು ಬಾಯಿಪಾಠವಿದ್ದ ನಾವೆಲ್ಲ ಒಟ್ಟಿಗೆ ಹೌದು ಎಂದೆವು. ಮೇಷ್ಟ್ರು ಬೋರ್ಡಿನ ಮೇಲೆ ಹನ್ನೆರಡು ಎಂದು ಬರೆದರು. ಹನ್ನೆರಡು ನಾಲ್ಕರಿಂದಲೂ ಹೋಗುತ್ತದೆ, ಆರರಿಂದಲೂ ಹೋಗುತ್ತದೆ, ಇಪ್ಪತ್ನಾಲ್ಕರಿಂದ ಹೋಗುವುದಿಲ್ಲ.

"ನಾಲ್ಕರೊಳಗೂ ಎರಡು ಅನ್ನೋದು ಕೂತಿದೆ, ಆರರೊಳಗೂ ಅದೇ ಎರಡು ಕೂತಿದೆ. ಒಬ್ಬನೇ ಸಾಕ್ಷಿ ಎರಡು ಬಾಗಿಲಿಂದ ಬಂದ್ರೆ ಇಬ್ರು ಅಂತ ಎಣಿಸಬೇಡ್ರಪ್ಪ" ಎಂದರು. ಕೊನೆಗೆ ತೆಲುಗಿಗೆ ಜಾರಿ, ಸಾಲದು ಎನ್ನುವುದಕ್ಕೆ "ಚಾಲದು" ಎಂದು ಬೋರ್ಡು ಅಳಿಸಿಬಿಟ್ಟರು.

ಆ ವರ್ಷವೇ ನಮ್ಮ ಮನೆಯ ರೇಷ್ಮೆ ಹುಳಗಳಿಗೆ ಹಾಲುತೊಂಡೆ ರೋಗ ತಗುಲಿತು. ಇನ್ನೇನು ಗೂಡು ಕಟ್ಟಬೇಕಿದ್ದ ಹುಳಗಳು ಹಳದಿಯಾಗಿ ಊದಿಕೊಂಡು ಒಡೆದು, ತಟ್ಟೆಗಟ್ಟಲೆ ತಿಪ್ಪೆಗೆ ಹೋದವು. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಹುಳದ ಮನೆಗೆ ಕಾಲಿಡಬಾರದೆಂಬುದು ನಮ್ಮ ಕಡೆಯ ಕಟ್ಟುಪಾಡು. ನಾನು ಸ್ಕೂಲಿನಿಂದ ಬಂದವಳು ಹಾಗೇ ಒಳಗೆ ಹೋದೆನೆಂದು ಅಜ್ಜಿ ಅಂದರು. ಪಕ್ಕದ ಮನೆಯ ಚಿಕ್ಕಣ್ಣನೂ ಅದನ್ನೇ ಅಂದ. ನಾನು ತೊಳೆದೇ ಹೋಗಿದ್ದೆ ಎಂದು ಅತ್ತರೂ ಅಪ್ಪ ನಂಬಲಿಲ್ಲ. ಸ್ಕೂಲು ನಿಂತಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿತ್ತು. ಓದು ಬಿಟ್ಟ ಹುಡುಗಿಗೆ ಮುಂದೆ ಏನು ಕಾದಿರುತ್ತದೆಂದು ನನಗೂ ಗೊತ್ತಿತ್ತು.

ಒಂದು ವಾರವಾದ ಮೇಲೆ ಮೇಷ್ಟ್ರು ನಮ್ಮೂರಿಗೆ ನಡೆದು ಬಂದರು. ಯಾರೂ ಹೇಳದೆಯೇ ಕಾಲು ತೊಳೆದುಕೊಂಡರು. ಹುಳದ ಮನೆಯ ಕಡೆ ತಲೆಯನ್ನೂ ಹಾಕದೆ ಜಗಲಿಯ ಮೇಲೆ ಕೂತರು. ಅಪ್ಪ ನಡೆದದ್ದನ್ನೆಲ್ಲ ಹೇಳಿ, "ಒಬ್ರಲ್ಲ ಸ್ವಾಮಿ, ಇಬ್ರು ಹೇಳ್ತಾವ್ರೆ" ಎಂದರು.

ಮೇಷ್ಟ್ರು ಚಿಕ್ಕಣ್ಣನನ್ನು ಕರೆಸಿ, ಕಣ್ಣಾರೆ ನೋಡಿದೆಯಾ ಎಂದು ಕೇಳಿದರು.

"ನಾನೆಲ್ಲಿ ನೋಡ್ಲಿ ಸ್ವಾಮಿ. ಅಜ್ಜಿ ಹೇಳಿದ್ರು" ಎಂದ ಅವನು.

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಇಬ್ಬರು ಹೋಗಿ ಒಬ್ಬರಾಗಿದ್ದರು. ಆ ಒಬ್ಬರಿಗೂ ಸಂಜೆಯಾದರೆ ಕಣ್ಣು ಮಂಜು. ಅಪ್ಪನಿಗೂ ಅದು ಗೊತ್ತಿದ್ದದ್ದೇ. ಆದರೂ ಸೋಲಲು ಮನಸ್ಸಿಲ್ಲದೆ, ಹಾಗಾದರೆ ಹುಳ ಯಾಕೆ ಸತ್ತವು ಎಂದು ಮೇಷ್ಟ್ರನ್ನೇ ಕೇಳಿದರು.

"ನಂಗೂ ಗೊತ್ತಿಲ್ಲ ನಾರಾಯಣಪ್ಪನೋರೆ. ಇಷ್ಟರಲ್ಲಿ ಹೇಳಕ್ಕಾಗಲ್ಲ ಅನ್ನೋದಷ್ಟೇ ಗೊತ್ತು. ಗೊತ್ತಾಗೋವರ್ಗೂ ಮಗು ಸ್ಕೂಲಿಗೆ ಬರ್ಲಿ."

ಮರುದಿನ ಬೆಳಿಗ್ಗೆ ನಾನು ಪುಸ್ತಕ ಎತ್ತಿಕೊಂಡಾಗ ಅಪ್ಪ, "ಬಂದ್ಮೇಲೆ ಕಾಲು ತೊಳ್ಕೊಳಮ್ಮ" ಎಂದಷ್ಟೇ ಹೇಳಿ ಹಿಪ್ಪುನೇರಳೆ ತೋಟದ ಕಡೆ ಹೋದರು.

ನಾನು ಚಿಂತಾಮಣಿಯಲ್ಲಿ ಲೆಕ್ಕದ ಟೀಚರ್ ಆಗುವ ಹೊತ್ತಿಗೆ ಮೇಷ್ಟ್ರು ರಿಟೈರಾಗಿ ತಮ್ಮೂರು ಕೆಂಚಾರ್ಲಹಳ್ಳಿ ಸೇರಿದ್ದರು. ಹಾಸಿಗೆ ಹಿಡಿದಿದ್ದಾರೆಂದು ತಿಳಿದು ನೋಡಲು ಹೋದೆ. ತುಂಬಾ ಇಳಿದುಹೋಗಿದ್ದರು. ಕಿವಿಯಲ್ಲಿ ಬಿಳಿಪು ಇಲ್ಲದ್ದು ನೋಡಿ ಸಂಕಟವಾಯಿತು. ಏನಾದರೂ ಧೈರ್ಯ ಹೇಳಬೇಕೆಂದು, ಹುಷಾರಾಗುತ್ತೀರೆಂದು ಡಾಕ್ಟರೂ ಹೇಳಿದ್ದಾರಂತೆ, ನಿಮ್ಮ ಮಗನೂ ಹೇಳಿದರು ಎಂದೆ.

ಮೇಷ್ಟ್ರು ದಿಂಬಿನಿಂದ ತಲೆ ಎತ್ತಿದರು.

"ಮಗನಿಗೆ ಯಾರಮ್ಮ ಹೇಳಿದ್ದು?"

ಡಾಕ್ಟರೇ, ಎನ್ನುವಷ್ಟರಲ್ಲಿ ನನಗೆ ತಿಳಿದುಹೋಯಿತು.

"ಹನ್ನೆರಡೇ ಆಯ್ತಲ್ಲಮ್ಮ" ಎಂದು ನಕ್ಕರು. ಕೆಮ್ಮು ಬಂದರೂ ನಗು ನಿಲ್ಲಿಸಲಿಲ್ಲ.

ಇದೊಂದು ಸಲ ಹನ್ನೆರಡೇ ಸಾಕಾಗಲಿ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡೆ. ಸಾಲಲಿಲ್ಲ. ಮೇಷ್ಟ್ರು ಆ ಹಾಸಿಗೆಯಿಂದ ಏಳಲಿಲ್ಲ.