ಐದು ಹಸುವಿನ ಗುಂಡಿ

ಸುಗಟೂರಿನ ಮನೆಗೆ ನಾನು ಸೊಸೆಯಾಗಿ ಬಂದ ಎರಡನೆಯ ವರ್ಷ, ಎಂಬತ್ತರ ದಶಕದ ಮೊದಲಲ್ಲಿ, ನಮ್ಮ ಮಾವ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದರು. ಇದ್ದದ್ದು ಮೂರು ಹಸು, ಕಟ್ಟಿಸಿದ್ದು ಐದು ಹಸುವಿನ ಸಗಣಿ ಬೇಡುವ ಗುಂಡಿ. ಚಿಕ್ಕದು ಕಟ್ಟಿಸಿದರೆ ಊರವರ ಎದುರು ಮರ್ಯಾದೆ ಹೋಗುತ್ತದಂತೆ. ನಡುಮನೆಯಲ್ಲಿ ಆ ಗ್ಯಾಸಿನ ಮ್ಯಾಂಟಲ್ ದೀಪ ಹತ್ತಿತು. ಸೀಮೆಎಣ್ಣೆ ಬೇಡ, ಹೊಗೆ ಇಲ್ಲ, ಮರ ಕಡಿಯಬೇಕಿಲ್ಲ ಎಂದು ನೋಡಲು ಬಂದ ಅಧಿಕಾರಿ ಹೊಗಳಿ, ಕಾಫಿ ಕುಡಿದು ಹೋದರು. ಸಗಣಿಯಷ್ಟೇ ನೀರನ್ನೂ ಕಲಸಬೇಕೆಂಬುದನ್ನು ಮಾತ್ರ ಮೆತ್ತಗೆ ಹೇಳಿದರು. ಆ ನೀರನ್ನು ಬಾವಿಯಿಂದ ಹೊತ್ತವಳು ನಾನು. ಹೆಸರಿಗೆ ಪುಗಸಟ್ಟೆ ದೀಪ.

ಅಲ್ಲಿಯವರೆಗೆ ನಮ್ಮ ಕೊಟ್ಟಿಗೆ ಬಾಚುತ್ತಿದ್ದವಳು ಹಿಂದಿನ ಬೀದಿಯ ಒಂಟಿ ಮುದುಕಿ. ಊರಿಗೆಲ್ಲ ಪೆದ್ದಮ್ಮ, ಅಂದರೆ ತೆಲುಗಿನಲ್ಲಿ ದೊಡ್ಡಮ್ಮ. ಬೆಳಿಗ್ಗೆ ಕೊಟ್ಟಿಗೆ ಗುಡಿಸಿಕೊಟ್ಟು ಒಂದು ಮಂಕರಿ ಸಗಣಿ ಒಯ್ಯುವಳು. ಅದನ್ನು ನಾವು ದಾನ ಎಂದುಕೊಂಡಿರಲಿಲ್ಲ, ಅವಳು ಭಿಕ್ಷೆ ಎಂದುಕೊಂಡಿರಲಿಲ್ಲ. ಬೆರಣಿ ತಟ್ಟಿ ತನ್ನ ಒಲೆಗಿಷ್ಟು ಇಟ್ಟುಕೊಂಡು, ಉಳಿದದ್ದು ಮಾರಿ ರಾಗಿ ತರುವಳು.

ಸಗಣಿ ಸಾಲದೆ ದೀಪ ಮಂಕಾಗತೊಡಗಿತು. ಆ ಮಂಕರಿಯನ್ನೂ ಗುಂಡಿಗೇ ಹಾಕಿ ಎಂದರು ಮಾವ. ಹೇಳುವ ಕೆಲಸ ನನ್ನ ತಲೆಗೆ ಬಂತು. ನಾಳೆಯಿಂದ ನಮಗೆ ಸಗಣಿ ಬೇಕಾಗುತ್ತದೆ ಪೆದ್ದಮ್ಮ ಎಂದೆ. ಇನ್ನಷ್ಟು ಚೊಕ್ಕಟವಾಗಿ ಬಾಚಬೇಕೇನೋ ಎಂದುಕೊಂಡು ಅವಳು ಸಂತೋಷವಾಗಿ ತಲೆಯಾಡಿಸಿದಳು. ಮತ್ತೊಮ್ಮೆ ಬಿಡಿಸಿ ಹೇಳಬೇಕಾಯಿತು. ಅವಳ ಮುಖ ನೋಡಲಾರದೆ ಹಸುವಿನ ಬೆನ್ನು ಸವರುತ್ತ ನಿಂತೆ.

ಆಮೇಲೆ ಅವಳು ಕೆರೆಕಟ್ಟೆಯ ಹೊಂಗೆ ಮರದ ಕೊಂಬೆಗಳನ್ನು ಮುರಿದು ತರತೊಡಗಿದಳು. ಮರ ಉಳಿಸುವ ದೀಪ ನಮ್ಮದು. ಕೆಳಗಿನ ಕೊಂಬೆಗಳೆಲ್ಲ ಆ ಬೇಸಿಗೆಯೊಳಗೇ ಬೋಳಾದವು. ಹಸಿ ಸೌದೆಗೆ ಗುಡಿಸಲು ತುಂಬ ಹೊಗೆ, ಮಾರುವುದಕ್ಕೆ ಬೆರಣಿಯೂ ಇಲ್ಲ. ಒಂದು ಮಧ್ಯಾಹ್ನ ಅತ್ತೆ ನನ್ನ ಕೈಲಿ ಅವಳ ಗುಡಿಸಲಿಗೆ ಮುದ್ದೆ ಸಾರು ಕೊಟ್ಟು ಕಳಿಸಿದರು. ಪೆದ್ದಮ್ಮ ತಟ್ಟೆಯನ್ನು ಮುಟ್ಟದೆ ಕಣ್ಣೊರೆಸಿಕೊಂಡಳು. ಹೊಗೆಗೋ ಅಳುವಿಗೋ ತಿಳಿಯಲಿಲ್ಲ.

"ಸಗಣಿ ಬಾಚ್ಕೊಂಡು ನನ್ ಕೂಳು ನಾನೇ ಬೇಯಿಸ್ಕೊಂತಿದ್ದೆ ಕಣಮ್ಮ. ಈಗ ನೀವು ಇಕ್ಕಿದ್ರೆ ಉಣ್ಣೋ ಹಂಗಾಯ್ತು."

ಮಾವನ ಹತ್ತಿರ ಮಾತಾಡುತ್ತೇನೆ ಎಂದೆ. ಮಾತಾಡಲಿಲ್ಲ. ಅವರಿಗೆ ಹೆದರಿ ಸುಮ್ಮನಿದ್ದೆ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನಿಜ ಹೇಳಬೇಕೆಂದರೆ, ಆ ಬೆಳಕು ನನಗೂ ಬೇಕಾಗಿತ್ತು.